ಮನೆಯ ಯಂತ್ರಗಳೆಲ್ಲ ಒಟ್ಟಿಗೆ ಕೈಕೊಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಮಿಕ್ಸಿ ಒಂದೇ ಕೆಟ್ಟರೆ ರಿಪೇರಿ ಅಂಗಡಿಗೆ ಹೋಗುತ್ತೇವೆ. ಅದರ ಹಿಂದೆಯೇ ಫ್ರಿಜ್, ಟಿವಿ, ಗೀಸರ್ ಸಾಲಾಗಿ ಮಲಗಿದರೆ ಜೋಯಿಸರ ಹತ್ತಿರ ಹೋಗುವ ಮನಸ್ಸಾಗುತ್ತದೆ. ಬರಗಾಲದಲ್ಲಿ ಅಧಿಕ ಮಾಸ ಅನ್ನುವುದು ಇದಕ್ಕೇ. ನಮ್ಮ ಕಡೆಯ ಮನೆಗಳಲ್ಲಿ ಹೀಗಾದಾಗ ಜನ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ. ಅವಕ್ಕೆ ಇಲ್ಲಿ ಉತ್ತರ ಇದೆ. ಪೂರ್ತಿ ಓದಲು ಪುರುಸೊತ್ತಿಲ್ಲದವರು ಇಷ್ಟು ತಿಳಿದುಕೊಂಡರೂ ಸಾಕು: ನಾಲ್ಕು ಮೆಕ್ಯಾನಿಕ್‌ಗಳಿಗೆ ಫೋನ್ ಮಾಡುವ ಮುಂಚೆ ಒಬ್ಬ ಎಲೆಕ್ಟ್ರಿಷಿಯನ್ ಕರೆಸಿ.

ಫ್ರಿಜ್, ಟಿವಿ, ವಾಷಿಂಗ್ ಮಷೀನ್ ಒಂದೇ ವಾರದಲ್ಲಿ ಕೆಟ್ಟವು. ಮನೆಗೆ ಯಾರದ್ದಾದರೂ ಕಣ್ಣು ಬಿತ್ತಾ?

ದೃಷ್ಟಿ ತೆಗೆಯುವುದಿದ್ದರೆ ತೆಗೆಯಿರಿ. ಒಂದು ಹಿಡಿ ಉಪ್ಪು, ನಾಲ್ಕು ಮೆಣಸಿನಕಾಯಿಗಿಂತ ಜಾಸ್ತಿ ಖರ್ಚಿಲ್ಲ. ಅದಾದ ಮೇಲೆ ಪಕ್ಕದ ಮನೆಯವರನ್ನು ಕೇಳಿ, "ನಿಮ್ಮನೇಲೂ ಏನಾದ್ರೂ ಕೆಟ್ಟಿದೆಯಾ?" ಅಂತ. ಹೌದು ಅಂದರೆ ಉತ್ತರ ಸಿಕ್ಕಿತು. ಕಂಬದಿಂದ ಬಂದ ಕರೆಂಟಿನಲ್ಲೇ ಏನೋ ಎಡವಟ್ಟಾಗಿದೆ.

ಇಲ್ಲ ಅಂದರೆ ಮನೆಯೊಳಗೆ ಹುಡುಕಬೇಕು. ಮೊದಲನೆಯದು ವಯಸ್ಸು. ಗೃಹಪ್ರವೇಶಕ್ಕೋ ಮದುವೆಗೋ ಒಂದೇ ತಿಂಗಳಲ್ಲಿ ಮನೆಗೆ ಬಂದ ಯಂತ್ರಗಳು ಒಟ್ಟಿಗೇ ಮುದಿಯಾಗುತ್ತವೆ. ಎಂಟು-ಹತ್ತು ವರ್ಷ ಆದಮೇಲೆ ಒಂದರ ಹಿಂದೆ ಒಂದು ನಿಲ್ಲುವುದು ಸಹಜವೇ. ಎರಡನೆಯದು ನೀರು. ಬೋರ್‌ವೆಲ್‌ನ ಗಡಸು ನೀರು ಗೀಸರಿನ ಕಾಯಿಲ್, ವಾಷಿಂಗ್ ಮಷೀನಿನ ವಾಲ್ವ್, ಕುಡಿಯುವ ನೀರಿನ ಫಿಲ್ಟರ್ ಮೂರನ್ನೂ ಒಟ್ಟಿಗೇ ತಿನ್ನುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಹಾಕಿಸಿಕೊಳ್ಳುವ ಬಡಾವಣೆಗಳಲ್ಲಿ ಇದು ಚೆನ್ನಾಗಿ ಗೊತ್ತಿರುವ ಕಥೆ. ಮೂರನೆಯದು ಮಳೆಗಾಲ. ತೇವ, ಇಲಿ, ಇರುವೆ, ಜಿರಳೆ ಎಲ್ಲಕ್ಕೂ ಬೆಚ್ಚಗಿನ ಜಾಗ ಬೇಕು, ಫ್ರಿಜ್‌ನ ಹಿಂಭಾಗಕ್ಕಿಂತ ಬೆಚ್ಚಗಿನ ಜಾಗ ಮನೆಯಲ್ಲಿ ಇನ್ನೆಲ್ಲಿದೆ? ಮೋಟಾರ್ ಸ್ಟಾರ್ಟರಿನ ಮುಚ್ಚಳ ತೆಗೆದರೆ ಕಾಂಟ್ಯಾಕ್ಟಿನ ನಡುವೆ ಹಲ್ಲಿ ಸಿಕ್ಕಿಕೊಂಡು ಸುಟ್ಟಿರುವುದು ಹಳ್ಳಿಗಳಲ್ಲಿ ಯಾರಿಗೂ ಹೊಸದಲ್ಲ.

ಬರೀ ಕಾಕತಾಳೀಯವೂ ಇರಬಹುದು. ಮೊದಲು ಮನೆಯಲ್ಲಿ ರೇಡಿಯೋ, ಇಸ್ತ್ರಿಪೆಟ್ಟಿಗೆ, ಫ್ಯಾನು ಇಷ್ಟೇ ಇತ್ತು. ಈಗ ಎಣಿಸಿ ನೋಡಿ, ಪ್ಲಗ್ ಇರುವ ವಸ್ತು ಎಷ್ಟಿವೆ ಅಂತ.

ಕರೆಂಟಿನದ್ದೇ ತಪ್ಪು ಅಂತ ಗೊತ್ತಾಗುವುದು ಹೇಗೆ?

ಬಲ್ಬ್ ನೋಡಿ. ಇದಕ್ಕಿಂತ ಒಳ್ಳೆಯ ಮೀಟರ್ ಬೇಡ. ಬಲ್ಬ್ ಇದ್ದಕ್ಕಿದ್ದಂತೆ ಬೆಳ್ಳಗೆ ಕಣ್ಣು ಕುಕ್ಕುವಂತೆ ಉರಿಯಿತಾ? ಫ್ಯಾನು ರೆಗ್ಯುಲೇಟರ್ ಮುಟ್ಟದೆ ಜೋರಾಯಿತಾ? ಪಕ್ಕದ ಮನೆಯಲ್ಲಿ ಅದೇ ಹೊತ್ತಿಗೆ ಬೆಳಕು ಮಂಕಾಯಿತಾ? ಹಾಗಿದ್ದರೆ ಎಲ್ಲೋ ನ್ಯೂಟ್ರಲ್ ತಂತಿ ಕಡಿದಿದೆ ಅಥವಾ ಸಡಿಲವಾಗಿದೆ.

ಬೀದಿಯ ಟಿಸಿಯಿಂದ, ಅಂದರೆ ಟ್ರಾನ್ಸ್‌ಫಾರ್ಮರಿನಿಂದ, ಮೂರು ಫೇಸ್ (ಕರೆಂಟ್ ತರುವ ತಂತಿ), ಒಂದು ನ್ಯೂಟ್ರಲ್ (ಅದು ವಾಪಸ್ ಹೋಗುವ ತಂತಿ) ಬರುತ್ತವೆ. ಒಂದೊಂದು ಮನೆಗೆ ಒಂದು ಫೇಸ್ ಮತ್ತು ಆ ನ್ಯೂಟ್ರಲ್ ಕೊಟ್ಟಿರುತ್ತಾರೆ. ಇವೆರಡರ ನಡುವೆ 230 ವೋಲ್ಟ್. ಎರಡು ಫೇಸ್‌ಗಳ ನಡುವೆಯಾದರೆ ಸುಮಾರು 400 ವೋಲ್ಟ್. ಕಂಬದಲ್ಲಿ ನ್ಯೂಟ್ರಲ್ ಕಡಿದರೆ ಬೇರೆ ಬೇರೆ ಫೇಸಿನ ಮನೆಗಳು ಒಂದಕ್ಕೊಂದು ಜೋಡಿಸಿದ ಹಾಗಾಗಿ, ಆ 400 ವೋಲ್ಟನ್ನು ತಮ್ಮೊಳಗೆ ಹಂಚಿಕೊಳ್ಳುತ್ತವೆ. ಈ ಹಂಚಿಕೆಯಲ್ಲಿ ನ್ಯಾಯ ಇಲ್ಲ. ಜಾಸ್ತಿ ಲೋಡ್ ಇರುವ ಮನೆಗೆ ಕಡಿಮೆ ವೋಲ್ಟೇಜ್, ಬರೀ ಎರಡು ಲೈಟು, ಒಂದು ಟಿವಿ ಹಾಕಿಕೊಂಡು ಕೂತವರಿಗೆ ಜಾಸ್ತಿ. ಆಚೆ ಮನೆಯವರು ಗೀಸರ್ ಹಾಕಿದ ಗಳಿಗೆಯಲ್ಲಿ ಈಚೆ ಮನೆಯ ಟಿವಿ ಢಮಾರ್ ಅನ್ನುವುದು ಹೀಗೆ. ಗಾಳಿ-ಮಳೆಗೆ ತೆಂಗಿನ ಗರಿ ತಂತಿ ಮೇಲೆ ಬಿದ್ದ ದಿನ, ಲೈನ್‌ಮ್ಯಾನ್ ಬಂದು ರಿಪೇರಿ ಮಾಡಿ ಹೋದ ಮೇಲೆ ಕರೆಂಟ್ ಬಂದ ಆ ಕ್ಷಣ, ಇವೆರಡರಲ್ಲಿ ಎಚ್ಚರ ಜಾಸ್ತಿ ಇರಲಿ.

ತ್ರೀ ಫೇಸ್ ಕನೆಕ್ಷನ್ ಇರುವ ಮನೆಯಲ್ಲಿ ಇದು ಮೀಟರ್ ಬೋರ್ಡಿನ ಒಳಗೇ ಆಗಬಹುದು. ಅಡುಗೆಮನೆಯಲ್ಲಿ ಮಂಕು, ಹಾಲ್‌ನಲ್ಲಿ ಝಗಮಗ ಬೆಳಕು ಇದ್ದರೆ ಅದೇ ಲಕ್ಷಣ. ಇನ್ನೊಂದು ಗುರುತು: ಮನೆಯಲ್ಲಿ ಏನಾದರೂ ಆನ್ ಇದ್ದಾಗ ಪ್ಲಗ್ಗಿನ ಎರಡೂ ತೂತಿನಲ್ಲಿ ಟೆಸ್ಟರ್ ಉರಿಯುವುದು.

ಇಂಥದ್ದು ಕಂಡ ತಕ್ಷಣ ಮೇನ್ ಸ್ವಿಚ್ ಆಫ್ ಮಾಡಿ. ಆಮೇಲೆ 1912ಕ್ಕೆ ಫೋನ್ ಮಾಡಿ. ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ, ಸೆಸ್ಕ್ ಎಲ್ಲಕ್ಕೂ ಅದೇ ನಂಬರ್. ದೂರಿನ ನಂಬರ್ ಬರೆದಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಪಕ್ಕದ ಮನೆಯವರಿಗೂ ಕೂಗಿ ಹೇಳಿ.

ಎಂಸಿಬಿ ಹಾಕಿಸಿದ್ದೆವು. ಅದ್ಯಾಕೆ ಕಾಪಾಡಲಿಲ್ಲ?

ಅದರ ಕೆಲಸ ಬೇರೆ. ತಂತಿಯಲ್ಲಿ ಕರೆಂಟ್ ಮಿತಿ ಮೀರಿ ಹರಿದರೆ, ಶಾರ್ಟ್ ಆದರೆ ಎಂಸಿಬಿ ಬೀಳುತ್ತದೆ. ಆರ್‌ಸಿಸಿಬಿ ಇರುವುದು ಕರೆಂಟ್ ಸೋರಿ ಮನುಷ್ಯರಿಗೆ ಹೊಡೆಯದಿರಲಿ ಅಂತ. ವೋಲ್ಟೇಜ್ 230 ಇದೆಯೋ 350 ಇದೆಯೋ ಅನ್ನುವುದನ್ನು ಇವೆರಡೂ ನೋಡುವುದೇ ಇಲ್ಲ. ಅದಕ್ಕೆ ಬೇರೆ ಸಾಧನ ಬೇಕು, ಅದನ್ನು ಕೆಳಗೆ ಹೇಳಿದ್ದೇನೆ.

ಸ್ಟೆಬಿಲೈಸರ್ ಬಗ್ಗೆಯೂ ಇದೇ ಭ್ರಮೆ ಇದೆ. ಅದರ ಮೇಲೆ ಬರೆದಿರುವ ರೇಂಜ್ ಒಳಗೆ ಮಾತ್ರ ಅದರ ಆಟ. "ಸ್ಟೆಬಿಲೈಸರ್ ಬೇಡ" ಅಂತ ಹೇಳಿ ಮಾರುವ ಫ್ರಿಜ್‌ಗಳಿಗೂ ಒಂದು ರೇಂಜ್ ಇದೆ. ಅಂಗಡಿಯಲ್ಲಿ ಅದನ್ನು ಯಾರೂ ಓದಿ ಹೇಳುವುದಿಲ್ಲ.

"ಬೋರ್ಡ್ ಹೋಗಿದೆ, ಹೊಸದು ಹಾಕಬೇಕು" ಅಂತಾರೆ. ನಂಬಬಹುದಾ?

ಹೋಗಿರುವುದು ನಿಜವಿರಬಹುದು. ಹೊಸದೇ ಬೇಕಾ ಅನ್ನುವುದು ಬೇರೆ ಪ್ರಶ್ನೆ.

ಈಗಿನ ವಾಷಿಂಗ್ ಮಷೀನ್, ಇನ್ವರ್ಟರ್ ಫ್ರಿಜ್, ಟಿವಿ ಎಲ್ಲದರಲ್ಲೂ ಒಂದು ಸರ್ಕ್ಯೂಟ್ ಬೋರ್ಡ್ ಇರುತ್ತದೆ. ಕರೆಂಟ್ ಬೋರ್ಡಿಗೆ ಬರುವ ಜಾಗದಲ್ಲಿ ಒಂದು ಫ್ಯೂಸ್, ಅದರ ಪಕ್ಕ ನೀಲಿ ಅಥವಾ ಹಳದಿ ಬಣ್ಣದ ಚಪ್ಪಟೆ ಬಿಲ್ಲೆಯಂಥ ಒಂದು ಭಾಗ. ಅದನ್ನು ಎಂಒವಿ ಅನ್ನುತ್ತಾರೆ. ವೋಲ್ಟೇಜ್ ಏರಿದಾಗ ಇದು ತಾನು ಸುಟ್ಟುಕೊಂಡು, ಫ್ಯೂಸನ್ನೂ ಸುಡಿಸಿ, ಉಳಿದ ಬೋರ್ಡನ್ನು ಕಾಯಲೆಂದೇ ಇಟ್ಟದ್ದು. ಬಿಲ್ಲೆ ಬಿರುಕು ಬಿಟ್ಟು, ಸುತ್ತ ಕಪ್ಪು ಮಸಿ ಹಿಡಿದಿದ್ದರೆ ಬರಿಗಣ್ಣಿಗೇ ಕಾಣುತ್ತದೆ. ಎಷ್ಟೋ ಸಲ ಈ ಎರಡು ಚಿಕ್ಕ ಭಾಗ ಬದಲಿಸಿದರೆ ಮಷೀನ್ ಮತ್ತೆ ತಿರುಗುತ್ತದೆ.

ಕಂಪನಿ ಸರ್ವಿಸ್‌ನವರು ಸಾಮಾನ್ಯವಾಗಿ ಬೋರ್ಡನ್ನೇ ಬದಲಿಸುತ್ತಾರೆ. ಅವರ ಪದ್ಧತಿಯೇ ಹಾಗೆ. ಬೋರ್ಡ್ ರಿಪೇರಿ ಮಾಡುವ ಸಣ್ಣ ಅಂಗಡಿಗಳು ಬೆಂಗಳೂರಿನ ಎಸ್‌.ಪಿ. ರಸ್ತೆ ಸುತ್ತಮುತ್ತ, ಹಾಗೇ ಹೆಚ್ಚುಕಡಿಮೆ ಎಲ್ಲ ಜಿಲ್ಲಾ ಕೇಂದ್ರಗಳಲ್ಲೂ ಇವೆ. ವಾರಂಟಿ ಮುಗಿದಿದ್ದರೆ ಮೊದಲು ಅಲ್ಲಿಗೆ ಹೋಗಿ. ವಾರಂಟಿ ಇದ್ದರೆ ಸ್ಕ್ರೂ ಕೂಡ ಮುಟ್ಟಬೇಡಿ. "ಕಂಪ್ರೆಸರ್‌ಗೆ 10 ವರ್ಷ ವಾರಂಟಿ" ಅನ್ನುವ ಸ್ಟಿಕ್ಕರ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ. ಅದು ಸಾಮಾನ್ಯವಾಗಿ ಕಂಪ್ರೆಸರಿಗಷ್ಟೇ, ಬೋರ್ಡಿಗಲ್ಲ. ವೋಲ್ಟೇಜ್‌ನಿಂದ ಸುಟ್ಟದ್ದನ್ನು ಹೆಚ್ಚಿನ ವಾರಂಟಿಗಳು ಹೊರಗಿಡುತ್ತವೆ.

ಎಲ್ಲ ಒಟ್ಟಿಗೆ ಮಾಡಿಸುವಷ್ಟು ದುಡ್ಡಿಲ್ಲ. ಮೊದಲು ಯಾವುದು?

ನೀರಿನ ಮೋಟಾರ್. ಅದರಲ್ಲಿ ಎರಡನೇ ಮಾತಿಲ್ಲ. ಸಂಪಿನಲ್ಲಿ ನೀರಿದ್ದು ಮೇಲಿನ ಟ್ಯಾಂಕಿಗೆ ಏರದಿದ್ದರೆ ಸಂಜೆ ಹೊತ್ತಿಗೆ ಮನೆ ಮನೆಯಾಗಿ ಉಳಿಯುವುದಿಲ್ಲ.

ಆಮೇಲೆ ಫ್ರಿಜ್, ಅದೂ ಮನೆಯಲ್ಲಿ ಔಷಧಿ ಇಡಬೇಕಾದವರು ಅಥವಾ ಚಿಕ್ಕ ಮಗು ಇದ್ದರೆ. ಇಲ್ಲದಿದ್ದರೆ ಮಿಕ್ಸಿ ಮುಂದೆ ಬರಲಿ. ಅದರ ರಿಪೇರಿ ಅಗ್ಗ, ಅದಿಲ್ಲದ ಕಷ್ಟ ದಿನಕ್ಕೆ ಮೂರು ಹೊತ್ತು. ಗೀಸರ್ ಕಾಯಬಹುದು, ಗ್ಯಾಸಿನ ಮೇಲೆ ನೀರು ಕಾಯಿಸಿದರಾಯಿತು, ಮಲೆನಾಡಿನಲ್ಲಾದರೆ ಹಂಡೆ ಒಲೆ ಇನ್ನೂ ಇದ್ದೀತು. ಟಿವಿ ಕೊನೆಗೆ. ಐಪಿಎಲ್ ನಡೆಯುವ ತಿಂಗಳಲ್ಲಿ ಈ ಸಲಹೆ ನಡೆಯುವುದಿಲ್ಲ, ಗೊತ್ತು.

ವಾಷಿಂಗ್ ಮಷೀನ್ ಎಲ್ಲಿ ಬರಬೇಕು? ಇದಕ್ಕೆ ಒಂದು ಮರುಪ್ರಶ್ನೆ: ಅದು ನಿಂತರೆ ಬಟ್ಟೆ ಒಗೆಯುವ ಕೈ ಯಾರದು? "ಅದೇನು ಅರ್ಜೆಂಟಿಲ್ಲ, ಬಿಡು" ಅನ್ನುವವರೇ ಒಗೆಯುವವರಾಗಿದ್ದರೆ ಕಾಯಬಹುದು. ಸಾಮಾನ್ಯವಾಗಿ ಹಾಗಿರುವುದಿಲ್ಲ. ಬೆಡ್‌ಶೀಟು, ಜೀನ್ಸ್‌ಗಳನ್ನು ಲಾಂಡ್ರಿಗೆ ಕೊಟ್ಟು, ಉಳಿದದ್ದನ್ನು ಅವರವರ ಬಟ್ಟೆ ಅವರವರು ಅಂತ ಹಂಚಿಕೊಂಡರೆ, ಮಷೀನು ಎಷ್ಟು ಅರ್ಜೆಂಟು ಅನ್ನುವುದು ಎಲ್ಲರಿಗೂ ಒಂದೇ ವಾರದಲ್ಲಿ ಅರ್ಥವಾಗುತ್ತದೆ.

ಫ್ರಿಜ್ ನಿಂತಿದೆ. ಒಳಗಿರುವುದನ್ನು ಏನು ಮಾಡಲಿ?

ಬಾಗಿಲು ತೆಗೆಯಬೇಡಿ. ಮುಚ್ಚಿಟ್ಟರೆ ಕೆಳಗಿನ ಭಾಗ ಸುಮಾರು 4 ಗಂಟೆ ತಣ್ಣಗಿರುತ್ತದೆ. ಫ್ರೀಜರ್ ತುಂಬಿದ್ದರೆ ಎರಡು ದಿನ, ಅರ್ಧ ತುಂಬಿದ್ದರೆ ಒಂದು ದಿನ ತಡೆಯುತ್ತದೆ. ಹಾಗಾಗಿ ಮೊದಲು ಪಕ್ಕದ ಮನೆಯಲ್ಲಿ ಜಾಗ ಕೇಳಿ, ಆಮೇಲೆ ಒಂದೇ ಸಲ ಬಾಗಿಲು ತೆಗೆದು ಎಲ್ಲ ಸಾಗಿಸಿ.

ಮೀನು, ಮಾಂಸ, ಬೇಯಿಸಿಟ್ಟ ಅನ್ನ, ಪಲ್ಯಗಳ ವಿಷಯದಲ್ಲಿ ಲೋಭ ಬೇಡ. ತಂಪು ಹೋಗಿ ಹೊತ್ತಾಗಿದ್ದರೆ ವಾಸನೆ ಇಲ್ಲದಿದ್ದರೂ ಎಸೆಯಿರಿ. ಹಾಲನ್ನು ಮತ್ತೆ ಕಾಯಿಸಿ, ಉಳಿಯುವಷ್ಟಿದ್ದರೆ ಹೆಪ್ಪು ಹಾಕಿ. ಮೊಸರು ಹುಳಿಯಾದರೆ ಮಜ್ಜಿಗೆಹುಳಿಗೆ ಅದೇ ಬೇಕು. ದೋಸೆ ಹಿಟ್ಟು ಎರಡನೇ ದಿನಕ್ಕೆ ಉಕ್ಕಿ ಹುಳಿ ಬರುತ್ತದೆ. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಹೆಚ್ಚಿ ಹಾಕಿ ಪಡ್ಡು ಮಾಡಿದರೆ ಹುಳಿ ಯಾರಿಗೂ ಗೊತ್ತಾಗುವುದಿಲ್ಲ. ಕಾಯಿತುರಿ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದರೆ ಚಟ್ನಿಪುಡಿಗಾಗುತ್ತದೆ. ಸೊಪ್ಪು, ಕೊತ್ತಂಬರಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಮಣ್ಣಿನ ಪಾತ್ರೆಯಲ್ಲಿಡಿ. ಟೊಮೆಟೊ, ಬಾಳೆಹಣ್ಣು, ಈರುಳ್ಳಿಗೆ ಫ್ರಿಜ್ ಯಾವತ್ತೂ ಬೇಕಿರಲಿಲ್ಲ.

ಫ್ರಿಜ್ ಜೊತೆ ಮಿಕ್ಸಿಯೂ ಹೋಗಿದೆ. ಅಡುಗೆ ಹೇಗೆ?

ಒರಳಿದ್ದರೆ ಪುಣ್ಯವಂತರು. ಇಲ್ಲದಿದ್ದರೆ ರುಬ್ಬದೇ ಆಗುವ ಅಡುಗೆಯನ್ನೇ ಸುತ್ತು ಹಾಕಿ: ಉಪ್ಪಿಟ್ಟು, ಅವಲಕ್ಕಿ, ಚಿತ್ರಾನ್ನ, ತಿಳಿಸಾರು, ಕೋಸಂಬರಿ, ಮೊಸರನ್ನ, ರೊಟ್ಟಿ-ಪಲ್ಯ. ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ ಡಬ್ಬದಲ್ಲಿದ್ದರೆ ಉತ್ತರ ಕರ್ನಾಟಕದ ಮನೆಯವರಿಗೆ ಮಿಕ್ಸಿ ಕೆಟ್ಟದ್ದು ಒಂದು ವಾರ ನೆನಪಿಗೂ ಬಾರದು. ದೋಸೆ ಹಿಟ್ಟು ಅಂಗಡಿಯಲ್ಲಿ ಸಿಗುತ್ತದೆ, ಅದಕ್ಕೆ ಮುಖ ಸಿಂಡರಿಸುವ ಹಿರಿಯರಿದ್ದರೆ ಸ್ವಲ್ಪ ದಿನ ತಡೆದುಕೊಳ್ಳಲಿ.

ಮನೆಯಲ್ಲಿ ಇನ್ಸುಲಿನ್ ಇದೆ. ಕೆಡುತ್ತದಾ?

ಬಳಕೆಯಲ್ಲಿರುವ ಪೆನ್ ಅಥವಾ ಬಾಟಲಿಯನ್ನು ಸಾಮಾನ್ಯವಾಗಿ ನಾಲ್ಕು ವಾರದವರೆಗೆ ಹೊರಗೇ ಇಡಬಹುದು. ನಿಮ್ಮ ಔಷಧಿಯ ಡಬ್ಬದೊಳಗಿನ ಚೀಟಿಯಲ್ಲಿ ಎಷ್ಟು ದಿನ, ಎಷ್ಟು ಡಿಗ್ರಿ ಅಂತ ಬರೆದಿರುತ್ತದೆ, ಅದೇ ಲೆಕ್ಕ. ತೆರೆಯದ ಬಾಟಲಿಗಳಿಗೆ 2ರಿಂದ 8 ಡಿಗ್ರಿ ಬೇಕು. ಅವನ್ನು ಪಕ್ಕದ ಮನೆಯ ಫ್ರಿಜ್‌ಗೋ, ಪರಿಚಯದ ಮೆಡಿಕಲ್ ಶಾಪ್‌ಗೋ ಕೊಟ್ಟಿಡಿ. ಕಲಬುರಗಿ, ರಾಯಚೂರಿನ ಏಪ್ರಿಲ್-ಮೇ ಬಿಸಿಲಿನಲ್ಲಿ ಬಳಕೆಯ ಪೆನ್ನಿಗೂ ತಂಪು ಬೇಕು. ನೀರು ಸೋಕದಂತೆ ಪ್ಲಾಸ್ಟಿಕ್ ಡಬ್ಬದಲ್ಲಿ ಹಾಕಿ, ಒದ್ದೆ ಮಡಕೆಯೊಳಗಿಟ್ಟು ಗಾಳಿಯಾಡುವ ನೆರಳಿನಲ್ಲಿಡಿ. ಐಸ್‌ಗೆ ನೇರವಾಗಿ ತಾಗಿಸಬೇಡಿ. ಹೆಪ್ಪುಗಟ್ಟಿದ ಇನ್ಸುಲಿನ್ ಕೆಟ್ಟ ಹಾಗೆಯೇ. ಅನುಮಾನ ಬಂದರೆ ಡಾಕ್ಟರನ್ನು ಕೇಳದೆ ಚುಚ್ಚಿಕೊಳ್ಳಬೇಡಿ.

ಮೆಕ್ಯಾನಿಕ್ ಬರುವ ಮುಂಚೆ ನಾವೇ ನೋಡಬಹುದಾದದ್ದು ಇದೆಯಾ?

ಇದೆ, ಮತ್ತು ಇದರಲ್ಲಿ ಅರ್ಧ ಕೇಸು ಮುಗಿದರೂ ಆಶ್ಚರ್ಯ ಇಲ್ಲ. ಪ್ಲಗ್ ಕಿತ್ತ ಮೇಲೆಯೇ ಕೈ ಹಾಕಿ.

ಮಿಕ್ಸಿಯನ್ನು ತಲೆಕೆಳಗೆ ಮಾಡಿ. ಬಹುತೇಕ ಎಲ್ಲದರ ತಳದಲ್ಲೂ ಒಂದು ಕೆಂಪು ಗುಂಡಿ ಇರುತ್ತದೆ. ಗಟ್ಟಿ ಚಟ್ನಿ ರುಬ್ಬುವಾಗ ಲೋಡ್ ಜಾಸ್ತಿಯಾದರೆ ಅದು ಹೊರಗೆ ಬಂದು ಮಿಕ್ಸಿ ನಿಲ್ಲುತ್ತದೆ. ಹತ್ತು ನಿಮಿಷ ಆರಲು ಬಿಟ್ಟು ಒತ್ತಿ. ಇಷ್ಟಕ್ಕೇ ಹೊಸ ಮಿಕ್ಸಿ ತಂದವರು ಊರೂರಲ್ಲೂ ಇದ್ದಾರೆ. ಮೋಟಾರ್ ತಿರುಗುತ್ತದೆ ಆದರೆ ಜಾರ್ ತಿರುಗುವುದಿಲ್ಲ ಅಂದರೆ ನಡುವಿನ ಕಪ್ಲರ್ ಸವೆದಿದೆ. ಗ್ರೈಂಡರ್ ಗುಂಯ್‌ಗುಟ್ಟಿ ಕಲ್ಲು ತಿರುಗದಿದ್ದರೆ ಬೆಲ್ಟ್ ನೋಡಿಸಿ.

ವಾಷಿಂಗ್ ಮಷೀನಿಗೆ ನೀರು ಬರುತ್ತಿಲ್ಲವಾದರೆ ಹಿಂದಿನ ಪೈಪ್ ಬಿಚ್ಚಿ. ಪೈಪ್ ಕೂರುವ ಜಾಗದಲ್ಲಿ ಬೆರಳ ತುದಿಯಷ್ಟು ಜಾಲರಿ ಇರುತ್ತದೆ. ಬೋರ್ ನೀರಿನ ಮರಳು ಅಲ್ಲೇ ಗಟ್ಟಿಯಾಗಿ ಕೂತಿರುತ್ತದೆ. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ. ನೀರು ಹೊರಗೆ ಹೋಗುತ್ತಿಲ್ಲವಾದರೆ, ಮುಂದೆ ಬಾಗಿಲಿರುವ ಮಷೀನುಗಳಲ್ಲಿ ಕೆಳಗಿನ ಮೂಲೆಯಲ್ಲಿ ತಿರುಗಿಸಿ ತೆಗೆಯುವ ಫಿಲ್ಟರ್ ಇದೆ. ಮಕ್ಕಳ ಜೇಬಿನ ನಾಣ್ಯ, ಹೇರ್‌ಪಿನ್, ಬ್ಲೌಸಿನ ಹುಕ್ಕು ಎಲ್ಲ ಅಲ್ಲಿ ಸಿಗುತ್ತವೆ.

ಫ್ರಿಜ್‌ಗೆ ತಂಪಿಲ್ಲ ಅಂದರೆ ಬಾಗಿಲಿನ ರಬ್ಬರ್ ನೋಡಿ. ಬಾಗಿಲಿಗೆ ಒಂದು ನೋಟು ಸಿಕ್ಕಿಸಿ ಎಳೆಯಿರಿ. ಸಲೀಸಾಗಿ ಬಂದರೆ ರಬ್ಬರ್ ಸಡಿಲ. ಕರೆಂಟ್ ಹೋಗಿ ಬಂದ ಕೂಡಲೇ ಫ್ರಿಜ್ ಓಡದಿದ್ದರೆ ಗಾಬರಿ ಬೇಡ, ಕಂಪ್ರೆಸರಿಗೆ ಮೂರರಿಂದ ಐದು ನಿಮಿಷ ಬಿಡುವು ಬೇಕು. ಟಿವಿ ಸತ್ತಿದೆ ಅನ್ನುವ ಮುಂಚೆ ಸೆಟ್‌ಟಾಪ್ ಬಾಕ್ಸಿನ ಅಡಾಪ್ಟರ್ ಬದಲಿಸಿ ನೋಡಿ.

ನೀರಿನ ಮೋಟಾರ್ ಸದ್ದು ಮಾಡುತ್ತದೆ, ತಿರುಗುವುದಿಲ್ಲ ಅಂದರೆ ಕೂಡಲೇ ಆಫ್ ಮಾಡಿ, ವೈಂಡಿಂಗ್ ಸುಡುತ್ತದೆ. ಹೆಚ್ಚಾಗಿ ಕೆಪಾಸಿಟರ್ ಹೋಗಿರುತ್ತದೆ, ಅದು ಅಗ್ಗದ ಭಾಗ. ಆದರೆ ಕೆಪಾಸಿಟರನ್ನು ನೀವು ಮುಟ್ಟಬೇಡಿ, ಪ್ಲಗ್ ಕಿತ್ತ ಮೇಲೂ ಅದು ಹೊಡೆಯುತ್ತದೆ. ಮೈಕ್ರೋವೇವ್ ಒಲೆಯನ್ನಂತೂ ಬಿಚ್ಚಲೇಬೇಡಿ, ಅದೇ ಕಾರಣಕ್ಕೆ, ಅಪಾಯ ಇನ್ನೂ ಜಾಸ್ತಿ.

ಯಾವುದೋ ಒಂದನ್ನು ಹಾಕಿದರೆ ಇಡೀ ಮನೆ ಟ್ರಿಪ್ ಆಗುತ್ತದೆ. ಯಾವುದು ಅಂತ ಹಿಡಿಯುವುದು ಹೇಗೆ?

ಎಲ್ಲ ಪ್ಲಗ್ ಕೀಳಿ. ಬ್ರೇಕರ್ ಮೇಲೆತ್ತಿ. ನಿಂತರೆ ಒಂದೊಂದೇ ಹಾಕುತ್ತಾ ಬನ್ನಿ, ಯಾವುದು ಹಾಕಿದಾಗ ಬೀಳುತ್ತದೋ ಅದೇ ಕಳ್ಳ. ಎಲ್ಲ ಕಿತ್ತರೂ ಬೀಳುತ್ತಿದ್ದರೆ ದೋಷ ಗೋಡೆಯೊಳಗಿನ ವೈರಿಂಗಿನಲ್ಲಿದೆ. ಆರ್‌ಸಿಸಿಬಿ ಇರುವ ಮನೆಗಳಲ್ಲಿ ಸಾಮಾನ್ಯವಾಗಿ ಸಿಕ್ಕಿಬೀಳುವುದು ಗೀಸರ್. ಗಡಸು ನೀರಿನ ಸುಣ್ಣ ಕಟ್ಟಿ ಕಾಯಿಲ್ ಒಡೆದು, ಕರೆಂಟ್ ನೀರಿಗೆ ಸೋರುತ್ತಿರುತ್ತದೆ. "ಟ್ರಿಪ್ ಕಾಟ ಜಾಸ್ತಿ, ಆರ್‌ಸಿಸಿಬಿ ಬೈಪಾಸ್ ಮಾಡಿ" ಅಂತ ಎಲೆಕ್ಟ್ರಿಷಿಯನ್‌ಗೆ ಹೇಳುವವರಿದ್ದಾರೆ. ಸ್ನಾನದ ಮನೆಯಲ್ಲಿ ಪ್ರಾಣ ಹೋಗುವುದು ಹೀಗೆಯೇ.

ಕಸ್ಟಮರ್ ಕೇರ್ ನಂಬರನ್ನು ಇಂಟರ್ನೆಟ್‌ನಲ್ಲಿ ಹುಡುಕಿದೆ. ಹತ್ತು ರೂಪಾಯಿ ಕಟ್ಟಿ ಅಂತ ಲಿಂಕ್ ಕಳಿಸಿದ್ದಾರೆ.

ಮುಟ್ಟಬೇಡಿ. ಅವಸರದಲ್ಲಿ ಇರುವವರನ್ನೇ ಕಾಯುವ ಮೋಸಗಾರರು ಕಂಪನಿ ಹೆಸರಿನಲ್ಲಿ ಸುಳ್ಳು ನಂಬರ್ ಹಾಕಿರುತ್ತಾರೆ. ನಂಬರನ್ನು ಯಂತ್ರದ ಮೇಲಿನ ಸ್ಟಿಕ್ಕರ್, ವಾರಂಟಿ ಕಾರ್ಡ್ ಅಥವಾ ಬಿಲ್‌ನಿಂದಲೇ ತಗೊಳ್ಳಿ. ಫೋನಿನಲ್ಲಿ ಯಾವುದಾದರೂ ಆ್ಯಪ್ ಹಾಕಿಕೊಳ್ಳಿ ಅಂದರೆ ಕರೆ ಕತ್ತರಿಸಿ. ದುಡ್ಡು ಹೋಗಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಅಸಲಿ ಮೆಕ್ಯಾನಿಕ್ ಬಂದಾಗಲೂ ಎರಡು ಕೆಲಸ ಮಾಡಿ. ಬಿಚ್ಚುವ ಮುಂಚೆ ಎಷ್ಟಾಗುತ್ತದೆ ಕೇಳಿ, ಬದಲಿಸಿದ ಹಳೇ ಭಾಗ ವಾಪಸ್ ಕೇಳಿ. ಫ್ರಿಜ್ ಮೆಕ್ಯಾನಿಕ್ "ಗ್ಯಾಸ್ ಹೋಗಿದೆ" ಅಂದರೆ ಎಲ್ಲಿಂದ ಹೋಗಿದೆ ಅಂತ ಕೇಳಿ. ಗ್ಯಾಸ್ ಸುಮ್ನೆ ಖರ್ಚಾಗುವ ವಸ್ತುವಲ್ಲ, ಸೋರಿದರೆ ಮಾತ್ರ ಹೋಗುತ್ತದೆ. ಸೋರಿಕೆ ಹುಡುಕದೆ ತುಂಬಿಸಿದರೆ ಕೆಲವೇ ತಿಂಗಳಲ್ಲಿ ಮತ್ತೆ ಕರೆಯಬೇಕು.

ರಿಪೇರಿ ಮಾಡಿಸೋದಾ, ಹೊಸದು ತಗೊಳ್ಳೋದಾ?

ಮಿಕ್ಸಿ, ಗ್ರೈಂಡರ್, ಫ್ಯಾನ್, ಇಸ್ತ್ರಿಪೆಟ್ಟಿಗೆ, ನೀರಿನ ಮೋಟಾರ್: ಕಣ್ಣು ಮುಚ್ಚಿ ರಿಪೇರಿ. ಗೀಸರಿನ ಕಾಯಿಲ್, ಥರ್ಮೋಸ್ಟಾಟ್ ಹೋಗಿದ್ದರೆ ರಿಪೇರಿ, ಟ್ಯಾಂಕೇ ಸೋರುತ್ತಿದ್ದರೆ ಹೊಸದು. ಟಿವಿಯ ಪರದೆ ಒಡೆದಿದ್ದರೆ ಆಸೆ ಬಿಡಿ. ಫ್ರಿಜ್‌ನ ಗ್ಯಾಸ್ ಪೈಪು ಗೋಡೆಯ ಫೋಮಿನೊಳಗೆ ತೂತಾಗಿದ್ದರೂ ಹಾಗೆಯೇ. ಉಳಿದವಕ್ಕೆ ಒಂದು ಅಂದಾಜು: ಯಂತ್ರಕ್ಕೆ ಎಂಟು ವರ್ಷ ದಾಟಿದೆ, ರಿಪೇರಿ ಖರ್ಚು ಹೊಸದರ ಅರ್ಧ ಬೆಲೆ ಮೀರುತ್ತದೆ ಅಂದರೆ ಬಿಟ್ಟುಬಿಡಿ.

ಗೃಹಜ್ಯೋತಿ ಪಡೆಯುವವರು ಇನ್ನೊಂದು ಲೆಕ್ಕವನ್ನೂ ಹಾಕಬೇಕು. ರಬ್ಬರ್ ಸಡಿಲವಾದ ಹಳೇ ಫ್ರಿಜ್ ಇಡೀ ದಿನ ಓಡುತ್ತದೆ. ಅದರಿಂದ ಬಳಕೆ ತಿಂಗಳಿಗೆ 200 ಯೂನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ನೀವೇ ಕಟ್ಟಬೇಕು. ರಬ್ಬರ್ ಬದಲಿಸುವುದು ಅದಕ್ಕಿಂತ ಅಗ್ಗ.

ನಾಲ್ಕನ್ನೂ ಕಂತಿನಲ್ಲಿ ತಗೊಂಡರೆ ಹೇಗೆ? "ನೋ ಕಾಸ್ಟ್" ಅಂತಾರೆ.

ಪೂರ್ತಿ ಪುಕ್ಕಟೆ ಅಂತ ತಿಳಿಯಬೇಡಿ. ಪ್ರೊಸೆಸಿಂಗ್ ಫೀ ಇರಬಹುದು, ನಗದು ಕೊಟ್ಟರೆ ಸಿಗುತ್ತಿದ್ದ ಡಿಸ್ಕೌಂಟ್ ಸಿಗದೇ ಹೋಗಬಹುದು. ನಗದಿಗೆ ಎಷ್ಟು, ಕಂತಿಗೆ ಒಟ್ಟು ಎಷ್ಟು ಅಂತ ಎರಡೂ ಬರೆಸಿಕೊಂಡು ನೋಡಿ. ನನ್ನ ಅಭಿಪ್ರಾಯದಲ್ಲಿ ಒಂದು ಸಲಕ್ಕೆ ಒಂದೇ ಯಂತ್ರದ ಕಂತು ಸಾಕು. ಚೀಟಿ ಹಾಕಿರುವವರು ಈ ತಿಂಗಳು ಎತ್ತಬಹುದಾ ಅಂತ ವಿಚಾರಿಸಿ. ದಸರಾ-ದೀಪಾವಳಿ ಹತ್ತಿರ ಇದ್ದರೆ ಗೀಸರ್, ಟಿವಿಯಂಥವನ್ನು ಅಲ್ಲಿಯವರೆಗೆ ಮುಂದೂಡಿ. ಎಲ್ಲಕ್ಕಿಂತ ಮುಖ್ಯವಾಗಿ, ವೋಲ್ಟೇಜ್ ಸಮಸ್ಯೆ ಸರಿಯಾಗದೆ ಹೊಸ ಯಂತ್ರವನ್ನು ಅದೇ ಪ್ಲಗ್ಗಿಗೆ ಸಿಕ್ಕಿಸಬೇಡಿ.

ನ್ಯೂಟ್ರಲ್ ಕಡಿದು ಸುಟ್ಟದ್ದಕ್ಕೆ ಪರಿಹಾರ ಸಿಗುತ್ತದಾ?

ಕೇಳುವ ಹಕ್ಕು ಇದೆ. ಸುಲಭವಾಗಿ ಸಿಗುತ್ತದೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಒಬ್ಬರೇ ಹೋಗುವುದಕ್ಕಿಂತ ಬೀದಿಯವರೆಲ್ಲ ಸೇರಿ ಹೋದರೆ ತೂಕ ಜಾಸ್ತಿ.

1912ರ ದೂರಿನ ನಂಬರ್, ದಿನಾಂಕ, ಹೊತ್ತು, ಸುಟ್ಟ ವಸ್ತುಗಳ ಫೋಟೋ ಮತ್ತು ಬಿಲ್ಲು, "ವೋಲ್ಟೇಜ್ ಏರಿದ್ದರಿಂದ ಸುಟ್ಟಿದೆ" ಅಂತ ಮೆಕ್ಯಾನಿಕ್ ಬರೆದುಕೊಟ್ಟ ಚೀಟಿ, ಇಷ್ಟನ್ನು ಇಟ್ಟು ವಿದ್ಯುತ್ ಕಂಪನಿಯ ನಿಮ್ಮ ಸೆಕ್ಷನ್ ಆಫೀಸಿಗೆ ಲಿಖಿತ ದೂರು ಕೊಡಿ. ಸ್ವೀಕೃತಿ ಸೀಲು ಹಾಕಿಸಿಕೊಳ್ಳದೆ ಬರಬೇಡಿ. ಅಲ್ಲಿ ಆಗದಿದ್ದರೆ 2003ರ ವಿದ್ಯುತ್ ಕಾಯ್ದೆಯ ಪ್ರಕಾರ ಇರುವ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ, ಅದರ ಮೇಲೆ ವಿದ್ಯುತ್ ಒಂಬುಡ್ಸ್‌ಮನ್ ಇದ್ದಾರೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವಿದ್ಯುತ್ ಪೂರೈಕೆಯೂ ಒಂದು ಸೇವೆ. ಹಾಗಾಗಿ ಜಿಲ್ಲಾ ಗ್ರಾಹಕರ ಆಯೋಗಕ್ಕೂ 2 ವರ್ಷದೊಳಗೆ ಹೋಗಬಹುದು. ಯಂತ್ರದ ಕಂಪನಿಯವರು ವಾರಂಟಿ ವಿಷಯದಲ್ಲಿ ಆಟ ಆಡಿಸುತ್ತಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ.

ಮನೆ ವಿಮೆ ಇರುವವರು ಪಾಲಿಸಿ ತೆಗೆದು ಓದಿ. 2021ರ ಏಪ್ರಿಲ್‌ನಿಂದ ವಿಮಾ ಕಂಪನಿಗಳು ಮಾರುತ್ತಿರುವ "ಭಾರತ್ ಗೃಹ ರಕ್ಷಾ" ಪಾಲಿಸಿಯಲ್ಲಿ ಸಿಡಿಲು, ಬೆಂಕಿ ಸೇರಿವೆ. ವೋಲ್ಟೇಜ್‌ನಿಂದ ಯಂತ್ರ ಕೆಡುವುದಕ್ಕೆ ಸಾಮಾನ್ಯವಾಗಿ ಬೇರೆ ಕವರ್ ಬೇಕು.

ಬಾಡಿಗೆ ಮನೆ. ಖರ್ಚು ಯಾರದ್ದು?

ಓನರ್ ಹಾಕಿಸಿದ ಗೀಸರ್, ಮೋಟಾರ್, ವೈರಿಂಗ್ ಓನರ್‌ದು, ನೀವು ತಂದದ್ದು ನಿಮ್ಮದು. ಇದು ರೂಢಿ. ಅಗ್ರಿಮೆಂಟಿನಲ್ಲಿ ಬೇರೆ ಏನಾದರೂ ಬರೆದಿದ್ದರೆ ಅದೇ ನಡೆಯುತ್ತದೆ. ವೈರಿಂಗ್ ದೋಷದಿಂದ ನಿಮ್ಮ ಫ್ರಿಜ್ ಸುಟ್ಟಿದ್ದರೆ ಎಲೆಕ್ಟ್ರಿಷಿಯನ್ ಕೈಯಲ್ಲಿ ಬರೆಸಿ, ಮಾತುಕತೆ ವಾಟ್ಸ್ಆ್ಯಪ್‌ನಲ್ಲೇ ಇರಲಿ.

ಊರಲ್ಲಿ ಅಪ್ಪ-ಅಮ್ಮ ಇಬ್ಬರೇ. ನಾವು ಇಲ್ಲಿಂದಲೇ ಏನು ಮಾಡಬಹುದು?

ಬೆಂಗಳೂರಿನಿಂದಲೋ ಅಮೆರಿಕದಿಂದಲೋ ಆನ್‌ಲೈನಲ್ಲಿ ಹೊಸ ಫ್ರಿಜ್ ಕಳಿಸುವುದು ಸುಲಭ. ಅದನ್ನು ಗೇಟಿನ ಹತ್ತಿರ ಇಳಿಸಿ ಹೋದ ಮೇಲೆ ಒಳಗೆ ತರುವವರು ಯಾರು? ಹಳೆಯದನ್ನು ಹೊರಹಾಕುವವರು ಯಾರು? ಊರಿನ ಅಂಗಡಿಯವರಿಗೇ ಫೋನ್ ಮಾಡಿ ದುಡ್ಡು ಕಳಿಸಿ. ಸ್ವಲ್ಪ ಜಾಸ್ತಿ ಕೊಟ್ಟರೂ ಹುಡುಗ ಬಂದು ಕೂರಿಸಿ, ಅಮ್ಮನ ಕೈಯಲ್ಲಿ ಕಾಫಿ ಕುಡಿದು, ನಂಬರ್ ಕೊಟ್ಟು ಹೋಗುತ್ತಾನೆ.

ಮುಂದಿನ ಸಲ ಊರಿಗೆ ಹೋದಾಗ ಪ್ರತಿ ಯಂತ್ರದ ಮಾಡೆಲ್ ಸ್ಟಿಕ್ಕರಿನ ಫೋಟೋ ತೆಗೆದುಕೊಂಡು ಬನ್ನಿ. ಮೀಟರ್ ಬೋರ್ಡಿನ ಎಂಸಿಬಿಗಳ ಮೇಲೆ ಯಾವುದು ಯಾವ ಕೋಣೆಯದು ಅಂತ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಬರೆದು ಅಂಟಿಸಿ. ಎಲೆಕ್ಟ್ರಿಷಿಯನ್, ಪ್ಲಂಬರ್, 1912 ಮೂರು ನಂಬರನ್ನು ಕ್ಯಾಲೆಂಡರ್ ಪಕ್ಕ ಗೋಡೆಗೆ ಹಚ್ಚಿ. ಫೋನಿನಲ್ಲಿ ಸೇವ್ ಮಾಡಿಟ್ಟದ್ದು ಕತ್ತಲೆಯಲ್ಲಿ ಅಪ್ಪನಿಗೆ ಸಿಗುವುದಿಲ್ಲ.

ಅಂದಹಾಗೆ, ಅಮೆರಿಕದಿಂದ ಬರುವಾಗ ಅಲ್ಲಿಯ ಮಿಕ್ಸಿ, ರೈಸ್ ಕುಕ್ಕರ್ ತರಬೇಡಿ. ಅವು 120 ವೋಲ್ಟಿನವು. ಪ್ಲಗ್ ಅಡಾಪ್ಟರ್ ಪಿನ್ನಿನ ಆಕಾರ ಬದಲಿಸುತ್ತದೆಯೇ ಹೊರತು ವೋಲ್ಟೇಜನ್ನಲ್ಲ.

ಮತ್ತೆ ಹೀಗಾಗದಿರಲು ಏನು ಮಾಡಿಸಬೇಕು?

ಮೀಟರ್ ಬೋರ್ಡಿನಲ್ಲಿ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಹಾಕಿಸಿ. ವೋಲ್ಟೇಜ್ ಮಿತಿ ಮೀರಿದ ಕೂಡಲೇ ಅದು ಇಡೀ ಮನೆಯ ಕರೆಂಟ್ ಕತ್ತರಿಸುತ್ತದೆ, ಸರಿಯಾದ ಮೇಲೆ ತಾನೇ ಜೋಡಿಸುತ್ತದೆ. ನ್ಯೂಟ್ರಲ್ ಸಮಸ್ಯೆಗೆ ನನಗೆ ಗೊತ್ತಿರುವ ಮಟ್ಟಿಗೆ ದುಡ್ಡಿಗೆ ಮೋಸವಿಲ್ಲದ ಮದ್ದು ಇದೇ. ಸಿಡಿಲಿಗೆ ಬೇರೆ, ಅದಕ್ಕೆ ಸರ್ಜ್ ಪ್ರೊಟೆಕ್ಟರ್ ಬೇಕು. ಆದರೆ ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಸರ್ಜ್ ಪ್ರೊಟೆಕ್ಟರ್ ಹಾಕಿಸಿದರೆ ಏನೂ ಪ್ರಯೋಜನ ಇಲ್ಲ. ಸಿಡಿಲಿನ ಕರೆಂಟ್ ಹೋಗಲು ಅದಕ್ಕೆ ನೆಲ ಸಿಗಬೇಕು.

ಅರ್ಥ್ ಗುಂಡಿ ಎಲ್ಲಿದೆ ಅಂತ ಮನೆಯವರನ್ನು ಕೇಳಿ ನೋಡಿ. ಅರ್ಧ ಮನೆಗಳಲ್ಲಿ ಅದರ ಮೇಲೆ ಟೈಲ್ಸ್ ಬಿದ್ದಿರುತ್ತದೆ, ಇಲ್ಲವೇ ತುಳಸಿಕಟ್ಟೆ ಬಂದಿರುತ್ತದೆ. ಬೇಸಿಗೆಯಲ್ಲಿ ಮಣ್ಣು ಒಣಗಿದರೆ ಅರ್ಥಿಂಗ್ ದುರ್ಬಲವಾಗುತ್ತದೆ, ಆಗಾಗ ಎರಡು ಬಕೆಟ್ ನೀರು ಹಾಕಿ. ವರ್ಷಕ್ಕೊಮ್ಮೆ ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಜಾಯಿಂಟ್‌ಗಳನ್ನು ಬಿಗಿ ಮಾಡಿಸಿ. ಆಯುಧಪೂಜೆಗೆ ಮೀಟರ್ ಬೋರ್ಡಿಗೆ ಕುಂಕುಮ ಹಚ್ಚುವ ಮುಂಚಿನ ವಾರ ಮಾಡಿಸಿದರೆ ಮರೆಯುವುದಿಲ್ಲ.

ಸಿಡಿಲಿಗೆ ಎಲ್ಲಕ್ಕಿಂತ ಅಗ್ಗದ ರಕ್ಷಣೆ ಪ್ಲಗ್ ಕೀಳುವುದು. ಸ್ವಿಚ್ ಆಫ್ ಮಾಡಿದರೆ ಸಾಲದು, ಪ್ಲಗ್ ಹೊರಗೆ ಬರಬೇಕು. ಡಿಶ್‌ನಿಂದ ಬರುವ ಕೇಬಲ್ಲನ್ನೂ ಬಿಚ್ಚಿ, ಟಿವಿಗೆ ಸಿಡಿಲು ಆ ದಾರಿಯಿಂದಲೂ ಬರುತ್ತದೆ. ಮುಂಗಾರಿಗೆ ಮುಂಚಿನ ಏಪ್ರಿಲ್-ಮೇ ಸಂಜೆಗಳಲ್ಲಿ ಇದು ಅಭ್ಯಾಸವಾಗಲಿ. ಪುಣೆಯ ಹವಾಮಾನ ಸಂಸ್ಥೆ ಮಾಡಿರುವ "ದಾಮಿನಿ" ಆ್ಯಪ್ ಹತ್ತಿರದಲ್ಲಿ ಸಿಡಿಲಿದ್ದರೆ ಎಚ್ಚರಿಸುತ್ತದೆ. ಗುಡುಗು ಶುರುವಾದ ಮೇಲೆ ಪ್ಲಗ್ ಕೀಳಲು ಓಡಬೇಡಿ, ಅಷ್ಟು ಹೊತ್ತಿಗೆ ತಡವಾಗಿರುತ್ತದೆ.

ಕೆಟ್ಟ ಯಂತ್ರಗಳನ್ನು ಗುಜರಿಗೆ ಹಾಕಿಬಿಡಲಾ?

ಎಕ್ಸ್‌ಚೇಂಜ್‌ನಲ್ಲಿ ಹೋಗುತ್ತದಾ ಅಂತ ಮೊದಲು ಕೇಳಿ. ಯುಪಿಎಸ್‌ನ ಹಳೇ ಬ್ಯಾಟರಿಯೊಳಗಿನ ಸೀಸಕ್ಕೆ ಬೆಲೆ ಇದೆ, ಹೊಸ ಬ್ಯಾಟರಿ ತಗೊಳ್ಳುವಾಗ ಅದರ ದುಡ್ಡು ಕಡಿತ ಮಾಡಿಸಿ. ಹಳೇ ಫ್ರಿಜ್‌ನ ಪೈಪನ್ನು ಮನೆ ಮುಂದೆ ಕತ್ತರಿಸಲು ಗುಜರಿಯವರನ್ನು ಬಿಡಬೇಡಿ. ಈಗಿನ ಎಷ್ಟೋ ಫ್ರಿಜ್‌ಗಳಲ್ಲಿರುವ ಗ್ಯಾಸ್ ಬೆಂಕಿ ಹತ್ತುವಂಥದ್ದು. ಫ್ರಿಜ್ ಹೊರಗೆ ಇಡುವುದಿದ್ದರೆ ಬಾಗಿಲು ಕಳಚಿ ಇಡಿ, ಆಟ ಆಡುವ ಮಕ್ಕಳು ಒಳಗೆ ಹೊಕ್ಕು ಬಾಗಿಲು ಎಳೆದುಕೊಂಡಾರು.